ದೊಡ್ಡಪ್ಪನ ಸರದಿ

ನಮ್ಮ ದೊಡ್ಡಪ್ಪನಷ್ಟು ಸಲ ಸರ್ಕಾರಿ ಆಸ್ಪತ್ರೆಗೆ ಹೋದವರು ಚೆನ್ನೈನಲ್ಲಿ ಇನ್ನೊಬ್ಬರಿರಲಾರರು. ಅಷ್ಟು ಸಲ ಹೋಗಿಯೂ ಡಾಕ್ಟರ ಮುಖವನ್ನೇ ನೋಡದವರಂತೂ ಇರಲಾರರು! ನಂಬುವುದಿಲ್ಲವೇ? ನನಗೂ ಇದು ಗೊತ್ತಾಗಲು ಮೂರು ತಿಂಗಳು ಹಿಡಿಯಿತು.

ಪುರಸೈವಾಕ್ಕಂನಲ್ಲಿ ಅವರದು ಸೀರೆ ಅಂಗಡಿ. ಹುಬ್ಬಳ್ಳಿ ಕಡೆಯಿಂದ ಬಂದ ನಮ್ಮ ಅಜ್ಜ ಹಾಕಿದ್ದು. ದೊಡ್ಡಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತು "ವಾಂಗಮ್ಮಾ!" ಎಂದು ಗಿರಾಕಿಗಳನ್ನು ಕರೆದರೆ ಎಗ್ಮೋರ್‌ನಲ್ಲಿ ರೈಲು ಹತ್ತಿದವರೂ ಇಳಿದು ಬರಬೇಕು, ಅಂಥ ಗಂಟಲು. ಆ ಗಂಟಲು ಒಂದು ದಿನ ಕಟ್ಟಿತು. ಕಷಾಯ ಆಯಿತು, ಜ್ಯೇಷ್ಠಮಧು ಆಯಿತು, ಬಿಡಲಿಲ್ಲ. ಮಾತು ಪಿಸುದನಿಗೆ ಇಳಿಯಿತು, ನುಂಗಿದರೆ ನೋವು. ನಮಗೆಲ್ಲ ಎದೆ ಧಸಕ್ಕೆಂದಿತು. ದೊಡ್ಡಮ್ಮ ಕ್ಯಾನ್ಸರಿನಲ್ಲಿ ಹೋಗಿ ಇನ್ನೂ ಎರಡು ವರ್ಷವಾಗಿರಲಿಲ್ಲ.

"ಪ್ರೈವೇಟಿಗೆ ಹೋಗೋಣ" ಎಂದರೆ ಕೇಳಬೇಕಲ್ಲ!

"ಸರ್ಕಾರ ಪುಕ್ಕಟೆ ನೋಡತೈತಿ. ದೊಡ್ಡ ದೊಡ್ಡ ಡಾಕ್ಟರು ಅದಾರ. ಮಂಗಳವಾರ ನಾನ ಹೋಗತೀನಿ. ಯಾರೂ ಬರೂದು ಬ್ಯಾಡ."

ಹೋದರು. ಮಡಚುವ ಸ್ಟೂಲು, ಚಹಾದ ಫ್ಲಾಸ್ಕು, ಆಸ್ಪತ್ರೆಯ ಚೀಟಿ ಅಂಟಿಸಲು ಒಂದು ನೋಟ್‌ಬುಕ್ಕು, ಹಣೆ ತುಂಬ ವಿಭೂತಿ. ಬೀಗರ ಮನೆಗೂ ಅವರು ಇಷ್ಟು ಸಡಗರದಿಂದ ಹೋದವರಲ್ಲ. ಒಂದೇ ತಿಂಗಳಲ್ಲಿ ಗಂಟಲು ವಿಭಾಗದ ಸಾಲಿಗೆ ಅವರೇ ಯಜಮಾನರಾದರು. ಚಪ್ಪಲಿ ಇಟ್ಟು ಜಾಗ ಹಿಡಿದು ಚಹಾಕ್ಕೆ ಹೋದವರನ್ನು ತಡೆದು, ಇದ್ದಷ್ಟೇ ದನಿಯಲ್ಲಿ ತಮಿಳಿನಲ್ಲಿ ಕೇಳುತ್ತಿದ್ದರಂತೆ: "ಗಂಟಲು ನೋವು ನಿಮಗೋ, ನಿಮ್ಮ ಚಪ್ಪಲಿಗೋ?"

ಮನೆಗೆ ಬಂದರೆ ನಾನು ವಿಚಾರಣೆ ಶುರುಮಾಡುತ್ತಿದ್ದೆ.

"ಡಾಕ್ಟರು ಏನಂದ್ರು ದೊಡ್ಡಪ್ಪ?"

"ಮುಂದಿನ ವಾರ ಬರ್ರಿ ಅಂದ್ರು."

"ಗುಳಿಗಿ?"

"ಕೊಟ್ಟಾರಲ್ಲ!" ಎಂದು ಕಾಗದದ ಪೊಟ್ಟಣ ತೋರಿಸುತ್ತಿದ್ದರು. ಒಮ್ಮೆ ಅದನ್ನು ಬಿಚ್ಚಿ ನೋಡಿದೆ. ಪೆಪ್ಪರ್‌ಮೆಂಟು! ಅಂಗಡಿಗೆ ಬರುವ ಮಕ್ಕಳಿಗೆ ಕೊಡುತ್ತಾರಲ್ಲ, ಅದೇ.

ಅವರು ಸ್ನಾನಕ್ಕೆ ಹೋದಾಗ ನೋಟ್‌ಬುಕ್ಕನ್ನೂ ತೆರೆದೆ. ಹನ್ನೊಂದು ಚೀಟಿಗಳನ್ನು ನೀಟಾಗಿ ಅಂಟಿಸಿದ್ದರು. ಒಂದರ ಕೆಳಗೂ ಡಾಕ್ಟರು ಬರೆದ ಒಂದಕ್ಷರವಿಲ್ಲ. ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ದೊಡ್ಡಮ್ಮನ ನೆನಪಾಯಿತು.

ಮುಂದಿನ ಮಂಗಳವಾರ ಅವರಿಗೆ ಹೇಳದೆ ನಾನೂ ಹೋಗಿ ಕಂಬದ ಮರೆಯಲ್ಲಿ ನಿಂತೆ. ದೊಡ್ಡಪ್ಪ ಸಾಲಿನ ಮುಂದಿನ ತುದಿಗೆ, ಡಾಕ್ಟರ ಬಾಗಿಲಿಗೇ ಬಂದಿದ್ದರು. ನರ್ಸು "ಅಡುತ್ತದು!" ಎಂದು ಮುಂದಿನವರನ್ನು ಕರೆದಳು. ದೊಡ್ಡಪ್ಪ ಪಕ್ಕಕ್ಕೆ ಸರಿದು ಹಿಂದಿನ ಹೆಂಗಸಿಗೆ ದಾರಿ ಬಿಟ್ಟರು. ಪಾಪ, ಕೈಯಲ್ಲಿ ಕೂಸಿತ್ತು, ಬಿಡಲಿ. ಮತ್ತೆ ಕರೆದಳು. ತಾಂಬರಂ ರೈಲು ಹಿಡಿಯಬೇಕಾದ ಒಬ್ಬ ಮುದುಕನನ್ನು ಕಳಿಸಿದರು. ಅದೂ ಸರಿಯೇ. ಮೂರನೆಯವನು ಗುಂಡುಕಲ್ಲಿನಂಥ ಆಳು! ಅವನಿಗೂ "ನೀಂಗ ಪೋಂಗ", ನೀವು ಹೋಗಿ, ಎಂದು ಕೈಮುಗಿದು ಜಾಗ ಬಿಟ್ಟರು. ಆರು ಜನ ಹೀಗೆ ಒಳಗೆ ಹೋದರು. ಜಗತ್ತಿನಲ್ಲಿ ಇಷ್ಟು ಧಾರಾಳ ಮನುಷ್ಯ ಇದ್ದಾನೆಯೇ ಎಂದು ಸಾಲಿನವರು ಬೆರಗಾಗಿದ್ದರು. ನನಗೆ ಮಾತ್ರ ಅಳು ಬರುತ್ತಿತ್ತು.

ನಾನು ಹೋಗಿ ಅವರ ಬೆನ್ನ ಹಿಂದೆಯೇ ನಿಂತೆ.

"ಅಡುತ್ತದು!"

"ನೀಂಗ ಪೋಂಗ" ಎನ್ನುತ್ತ ತಿರುಗಿದರು. ನನ್ನನ್ನು ಕಂಡು ಮುಖ ಬಿಳಿಚಿತು.

"ನಾ ಹೋಗಂಗಿಲ್ಲ ದೊಡ್ಡಪ್ಪ. ಇದು ನಿಮ್ಮ ಪಾಳಿ."

ಅವರು ಬಾಗಿಲನ್ನೇ ನೋಡುತ್ತ ನಿಂತರು. ಆಮೇಲೆ ಪಿಸುದನಿಯಲ್ಲೇ ಹೇಳಿದರು: "ನಿಮ್ಮ ದೊಡ್ಡವ್ವನ ಪಾಳಿ ಬಂದಾಗ, ಜೋಡಿ ಬಂದವರು ಹೊರಗ ಇರ್ರಿ ಅಂದ್ರವಾ. ನಾ ಹೊರಗ ನಿಂತೆ. ಒಳಗ ಆಕಿ ಒಬ್ಬಾಕಿನ ಎಲ್ಲಾ ಕೇಳಿಸಿಕೊಂಡ್ಳು. ಹೊರಗ ಬಂದು ನಕ್ಕೋಂತ 'ಏನೂ ಇಲ್ಲಂತ, ನಡೀರಿ, ಅಂಗಡಿಗೆ ಹೊತ್ತಾತು' ಅಂದ್ಳು. ನಾ ಹುಚ್ಚ, ನಂಬಿದೆ. ಒಂದು ತಿಂಗಳು ನಂಬಿದೆ." ಉಗುಳು ನುಂಗಿ ಕಣ್ಣು ಮುಚ್ಚಿದರು. "ನಂಗ ಹಂಗ ನಕ್ಕೋಂತ ಹೊರಗ ಬರಾಕ ಆಗಂಗಿಲ್ಲವಾ."

ನಾನು ಅವರ ಕೈ ಹಿಡಿದೆ. ಐಸಿನಂತೆ ತಣ್ಣಗಿತ್ತು. ನನ್ನದೇನು ಬೆಚ್ಚಗಿತ್ತೇ? ನನಗೂ ಅಷ್ಟೇ ಭಯವಾಗಿತ್ತು.

ಬಾಗಿಲಲ್ಲಿ ನರ್ಸು ಕೈ ಅಡ್ಡ ಹಿಡಿದಳು. ಒಬ್ಬರೇ ಒಳಗೆ ಬರಬೇಕಂತೆ. ನಾನು ತಮಿಳಿನಲ್ಲಿ ಹೇಳಿದೆ: "ಇವರಿಗೆ ದನಿ ಇಲ್ಲಮ್ಮ. ಇವರ ದನಿ ನಾನೇ."

ಅವಳು ದೊಡ್ಡಪ್ಪನನ್ನು ನೋಡಿದಳು. ಮೂರು ತಿಂಗಳಿಂದ ಬಾಗಿಲವರೆಗೆ ಬಂದು ಹಿಂದೆ ಸರಿಯುವ ಮುದುಕರನ್ನು ಅವಳು ಕಂಡಿರಲಿಲ್ಲವೇ? ಅಡ್ಡ ಹಿಡಿದ ಕೈ ತೆಗೆದಳು.

ಡಾಕ್ಟರು ನೋಟ್‌ಬುಕ್ಕು ತೆರೆದು ಪೆನ್ನು ಎತ್ತಿಕೊಂಡು ಕೇಳಿದರು, "ಎಷ್ಟು ದಿನದಿಂದ?"

ನಾನು ಹೇಳಲು ಬಾಯಿ ತೆರೆದೆ. ದೊಡ್ಡಪ್ಪ ನನ್ನ ಕೈ ಅದುಮಿ ತಡೆದರು. ಇದ್ದಷ್ಟು ದನಿಯಲ್ಲಿ ತಾವೇ ಹೇಳತೊಡಗಿದರು.