ನೂರ ಹತ್ತು ಮಕ್ಕಳ ಮೂಲೆ

ನಾನು ಶಾಲೆ ಬಿಟ್ಟದ್ದು ಐದನೆಯ ತರಗತಿಯಲ್ಲಿ. ಇದನ್ನು ಹೇಳುವಾಗ ತಲೆ ತಗ್ಗಿಸುವ ಅಭ್ಯಾಸ ನನಗಿಲ್ಲ. ಕಡಬದ ಜೀಪು ಸ್ಟ್ಯಾಂಡಿನ ಹಿಂದಿರುವ ನನ್ನ ಮರಗೆಲಸದ ಕೊಟ್ಟಿಗೆಗೆ ಬಂದವರಿಗೆ ಕುಡಿಯಲು ನೀರು ಕೊಡುವ ಮೊದಲೇ ಈ ಸಂಗತಿ ತಿಳಿಸುತ್ತೇನೆ. ಆಮೇಲೆ ನಾನು ಮಾಡಿದ ಕಿಟಕಿ ತೋರಿಸುತ್ತೇನೆ. ಐದಕ್ಕೇ ಇಷ್ಟಾದರೆ ಹತ್ತು ಓದಿದ್ದರೆ ಈ ಮನುಷ್ಯ ಏನಾಗುತ್ತಿದ್ದನೋ ಎಂದು ಅವರು ಬೆರಗಾಗಲಿ ಎಂದು ನನ್ನ ಆಸೆ. ಹೆಚ್ಚಿನವರು ಜೀಪು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೇಳುತ್ತಾರೆ.

ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಇಚಿಲಂಪಾಡಿ ಕಡೆಯ ಒಂದು ಶಾಲೆಯ ಹೆಡ್ಮಾಷ್ಟ್ರು ಬಂದರು. ಊರವರು ಸೇರಿ ಎಂಬತ್ತು ಹೆಬ್ಬಲಸಿನ ಹಲಗೆ ಕೊಟ್ಟಿದ್ದರು. ಅಷ್ಟರಲ್ಲಿ ಬೆಂಚುಗಳಾಗಬೇಕು. ಶಾಲೆ ತೆರೆಯಲು ಇದ್ದದ್ದು ಇಪ್ಪತ್ತು ದಿನ.

"ನೂರ ಹತ್ತು ಮಕ್ಕಳು ಉಂಟು ಆಚಾರ್ರೆ, ಎಲ್ಲ ನೆಲದಲ್ಲಿ. ಈ ಸಲ ಒಂದು ಮಗುವೂ ನೆಲದಲ್ಲಿ ಕೂರಬಾರದು. ಆಗ್ತದಾ?"

ನಾನು ಓದಿದ ಐದು ವರ್ಷವೂ ನೆಲದಲ್ಲಿ ಕೂತವನು. ನನ್ನ ಚಡ್ಡಿಯ ಹಿಂಭಾಗಕ್ಕೆ ಹಿಡಿದ ಸೆಗಣಿಯ ಬಣ್ಣ ಅಮ್ಮ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. "ಆಗ್ತದಾ ಅಂತ ಎಂತ ಕೇಳುದು ಮಾಷ್ಟ್ರೆ? ನಿಮಗೊಂದು ಕುರ್ಚಿಯೂ ಸೇರಿ ಆಗ್ತದೆ!" ಎಂದುಬಿಟ್ಟೆ.

ಅವರು ಹೋದ ಮೇಲೆ ಲೆಕ್ಕ ಹಾಕಿದೆ. ಉದ್ದದ ಬೆಂಚಿಗೆ ನಾಲ್ಕು ಹಲಗೆ, ಐದು ಮಕ್ಕಳು. ಇಪ್ಪತ್ತು ಬೆಂಚಿಗೆ ಮರ ಮುಗಿಯಿತು, ನೂರು ಮಕ್ಕಳು ಕೂತರು. ಹತ್ತು ಮಕ್ಕಳು ನೆಲದಲ್ಲೇ ಉಳಿದರು. ಗಿಡ್ಡ ಬೆಂಚಾದರೆ ಎರಡೇ ಹಲಗೆಗೆ ಮೂರು ಮಕ್ಕಳು, ಮರದಲ್ಲಿ ಲಾಭ. ಆದರೆ ಉದ್ದವಾದರೂ ಗಿಡ್ಡವಾದರೂ ಬೆಂಚಿಗೆ ಕಾಲು ನಾಲ್ಕೇ, ಹೊತ್ತು ತಿನ್ನುವುದು ಕಾಲುಗಳು. ಹಾಗಾದರೆ ಯಾವುದನ್ನು ಎಷ್ಟು?

ನನ್ನ ಮಗಳು ಕುಸುಮ ಪುತ್ತೂರಿನ ಕಾಲೇಜಿನಲ್ಲಿ ಓದುತ್ತಿದ್ದವಳು ರಜೆಗೆ ಮನೆಯಲ್ಲಿದ್ದಳು. "ಅಪ್ಪ, ಇದು ಲೀನಿಯರ್ ಪ್ರೋಗ್ರಾಮಿಂಗ್! ಇದ್ದದ್ದರಲ್ಲಿ ಆದಷ್ಟು ಹೆಚ್ಚು ಮಾಡುವ ಲೆಕ್ಕ, ನಮ್ಮ ಪರೀಕ್ಷೆಗೇ ಉಂಟು," ಎಂದು ಕುಣಿದಳು. ನನ್ನ ಪೆನ್ಸಿಲಿನಿಂದಲೇ ಒಂದು ಹಲಗೆಯ ಮೇಲೆ ಗ್ರಾಫ್ ಎಳೆದಳು. ಅಡ್ಡಕ್ಕೆ ಉದ್ದದ ಬೆಂಚು, ಮೇಲಕ್ಕೆ ಗಿಡ್ಡ ಬೆಂಚು. ಮರಕ್ಕೊಂದು ಗೆರೆ, ಹೊತ್ತಿಗೊಂದು ಗೆರೆ. ಎರಡೂ ಗೆರೆಯ ಒಳಗೆ ಇರುವುದಷ್ಟೇ ನಮ್ಮಿಂದ ಆಗುವಂಥದ್ದು.

"ನಡುವಿನಲ್ಲಿ ಹುಡುಕುದು ಬೇಡ ಅಪ್ಪ. ಎಲ್ಲಕ್ಕಿಂತ ಒಳ್ಳೆಯದು ಮೂಲೆಯಲ್ಲಿ ಸಿಗ್ತದೆ."

"ಇದನ್ನು ಕಲಿಯಲಿಕ್ಕೆ ಪುತ್ತೂರಿಗೆ ಹೋಗ್ಬೇಕಾ ಮಾರಾಯ್ತಿ? ನಾನು ಮೂವತ್ತು ವರ್ಷದಿಂದ ಮೂಲೆಮಟ್ಟ ಹಿಡಿದು ನೋಡುದು ಮತ್ತೆ ಎಂತದನ್ನು?"

ದಿನಕ್ಕೆ ಎಂಟು ಗಂಟೆಯಂತೆ ನೂರ ಅರವತ್ತು ಗಂಟೆ ನನ್ನ ಕೈಯಲ್ಲಿತ್ತು. ಒಂದೊಂದಕ್ಕೆ ಎಷ್ಟು ಹೊತ್ತು ಎಂದಳು. ಉದ್ದದ್ದಕ್ಕೆ ಆರು, ಗಿಡ್ಡಕ್ಕೆ ನಾಲ್ಕು ಗಂಟೆ ಎಂದೆ. ಒಳಗಿನಿಂದ ನನ್ನ ಹೆಂಡತಿ, "ನಾಲ್ಕು ಗಂಟೆಯಲ್ಲಿ ಬೆಂಚಾ? ನಾಲ್ಕು ಗಂಟೆಯಲ್ಲಿ ಇವರ ಎಲೆಯಡಿಕೆ ಮುಗಿಯುದಿಲ್ಲ!" ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಗ್ರಾಫಿನ ಉತ್ತರ ಬಂತು: ಎಲ್ಲವನ್ನೂ ಗಿಡ್ಡವೇ ಮಾಡುವುದು, ನಲವತ್ತು ಬೆಂಚು, ನೂರಿಪ್ಪತ್ತು ಮಕ್ಕಳು. ಹತ್ತು ಜಾಗ ಹೆಚ್ಚಿಗೆಯೇ!

ಮರುದಿನ ಬೆಳಿಗ್ಗೆ ಎಂಬತ್ತು ಹಲಗೆಯನ್ನೂ ಗಿಡ್ಡಕ್ಕೆ ಕೊಯ್ಯಲು ಗರಗಸ ಎತ್ತಿದೆ. ಕುಸುಮ ಅಡ್ಡ ನಿಂತಳು. "ಮೊದಲು ಒಂದು ಮಾಡಿ ನೋಡುವ ಅಪ್ಪ. ಕೊಯ್ದ ಮೇಲೆ ಉದ್ದ ಆಗುದಿಲ್ಲ." ಅವಳ ವಾಚು ಮೇಜಿನ ಮೇಲೆ ಕೂತಿತು. ನಾನು ಎಲೆಯಡಿಕೆ ಮುಟ್ಟಲಿಲ್ಲ, ಯಾರೊಡನೆಯೂ ಮಾತಾಡಲಿಲ್ಲ. ಬೆಂಚು ನಿಲ್ಲಲು ಸರಿಯಾಗಿ ಐದು ಗಂಟೆ ಹಿಡಿಯಿತು. ಆಮೇಲೆ ಮಾಡಿದ ಉದ್ದದ್ದು ಮಾತ್ರ ಹೇಳಿದಂತೆ ಆರೇ ಗಂಟೆಯಲ್ಲಿ ಮುಗಿಯಿತು. ಅರ್ಧ ಮಾನ ಉಳಿಯಿತು.

ಅವಳು ಹೊತ್ತಿನ ಗೆರೆಯನ್ನು ಉಜ್ಜಿ ಕೆಳಗೆ ಎಳೆದಳು. ಎಲ್ಲ ಗಿಡ್ಡವೇ ಎಂದು ಹೊರಟಿದ್ದರೆ ಮೂವತ್ತೆರಡಕ್ಕೇ ಹೊತ್ತು ಮುಗಿದು ಹದಿನಾಲ್ಕು ಮಕ್ಕಳು ನೆಲದಲ್ಲಿ ಉಳಿಯುತ್ತಿದ್ದರು. ನನ್ನ ಬಾಯಿಯ ಒಂದೇ ಒಂದು ಗಂಟೆಯ ಬಡಾಯಿಗೆ ಹದಿನಾಲ್ಕು ಚಡ್ಡಿ! ಈಗ ಎರಡೂ ಗೆರೆಗಳು ಗ್ರಾಫಿನ ನಡುವೆ ಒಂದನ್ನೊಂದು ದಾಟಿದವು. ಅಲ್ಲೊಂದು ಹೊಸ ಮೂಲೆ: ಹತ್ತು ಉದ್ದ, ಇಪ್ಪತ್ತು ಗಿಡ್ಡ, ಸರಿಯಾಗಿ ನೂರ ಹತ್ತು ಮಕ್ಕಳು.

ನನಗೆ ಸಂಶಯ ಬರಬಾರದೆಂದು ಸಿಂಪ್ಲೆಕ್ಸ್ ಎಂಬ ಇನ್ನೊಂದು ದಾರಿಯಲ್ಲೂ ಮಾಡಿ ತೋರಿಸಿದಳು. ಅದಕ್ಕೆ ಚಿತ್ರ ಬೇಡ, ಅಂಕೆ ತುಂಬಿದ ಚೌಕದ ಮನೆಗಳು ಸಾಕು. ಒಂದು ಮೂಲೆಯಿಂದ ಹೊರಟು, ಮಕ್ಕಳ ಲೆಕ್ಕ ಏರುವವರೆಗೆ ಅಂಚು ಹಿಡಿದು ಪಕ್ಕದ ಮೂಲೆಗೆ ಹೋಗಬೇಕು. ಸೊನ್ನೆಯಿಂದ ನೂರು, ನೂರರಿಂದ ನೂರ ಹತ್ತು. ಅದರಾಚೆಯ ಮೂಲೆ ತೊಂಬತ್ತಾರು, ಇಳಿಯಿತು. ಹಾಗಾಗಿ ನೂರ ಹತ್ತರಲ್ಲೇ ನಿಲ್ಲಬೇಕು. ಉಳಿಕೆಯ ಮನೆಯಲ್ಲಿ ಮರಕ್ಕೂ ಸೊನ್ನೆ, ಹೊತ್ತಿಗೂ ಸೊನ್ನೆ.

ಇಪ್ಪತ್ತನೆಯ ದಿನ ಸಂಜೆ ಕೊನೆಯ ಬೆಂಚಿನ ಕಾಲು ಕೂರಿಸಿದೆ. ಮರದ ಹುಡಿ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಬೆಂಚು ಒಯ್ಯಲು ಬಂದ ಹೆಡ್ಮಾಷ್ಟ್ರು ಎಣಿಸಿ ನನ್ನ ಕೈ ಹಿಡಿದುಕೊಂಡರು. "ಯಾರದ್ದು ಲೆಕ್ಕ ಆಚಾರ್ರೆ?"

"ನಮ್ಮ ಮನೆಯದ್ದೇ," ಎಂದೆ. ಸುಳ್ಳಲ್ಲ.

"ಮತ್ತೆ ನನ್ನ ಕುರ್ಚಿ?"

ನಾನು ಕುಸುಮಳ ಮುಖ ನೋಡಿದೆ. "ನೀವು ಕುರ್ಚಿ ಅಂತ ಹೇಳ್ಲೇ ಇಲ್ಲ ಅಪ್ಪ. ಮೂರನೆಯ ಸಾಮಾನು ಬಂದ್ರೆ ಹಲಗೆ ಮೇಲೆ ಗ್ರಾಫ್ ಎಳೀಲಿಕ್ಕೆ ಆಗುದಿಲ್ಲ, ಸಿಂಪ್ಲೆಕ್ಸೇ ಬೇಕು. ಆದ್ರೆ ಅದು ಮಕ್ಕಳನ್ನು ಮಾತ್ರ ಎಣಿಸುದು. ಕುರ್ಚಿಯಲ್ಲಿ ಮಕ್ಕಳು ಸೊನ್ನೆ, ಅದನ್ನು ಎಂದಿಗೂ ಆರಿಸ್ತಿರ್ಲಿಲ್ಲ."

ಒಳಗೆ ಹೋಗಿ, ನನಗೆಂದೇ ಮಾಡಿಕೊಂಡಿದ್ದ ಕೈಯಿರುವ ಕುರ್ಚಿಯನ್ನು ಹೊತ್ತು ತಂದು ಜೀಪಿನ ಮೇಲೆ ಕಟ್ಟಿದೆ. ಇಚಿಲಂಪಾಡಿ ಕಡೆಗೆ ಹೋದಾಗ ಈಗಲೂ ಆ ಶಾಲೆಯ ಕಿಟಕಿಯಲ್ಲಿ ಇಣುಕುತ್ತೇನೆ. ಎಲ್ಲ ಮಕ್ಕಳ ಕಾಲುಗಳೂ ನೆಲದಿಂದ ಮೇಲೆ ತೂಗುತ್ತಿರುತ್ತವೆ. ಎದೆ ಉಬ್ಬುತ್ತದೆ.

ಮನೆಯಲ್ಲಿ ನಾನು ಮಾತ್ರ ನೆಲದಲ್ಲಿ, ಗೋಡೆಗೆ ಒರಗಿ. ಹೊಸ ಕುರ್ಚಿ ಯಾವಾಗ ಮಾಡುದು ಎಂದು ಹೆಂಡತಿ ಕೇಳಿದಾಗಲೆಲ್ಲ, "ಅದೆಂತ, ನಾಲ್ಕು ಗಂಟೆಯ ಕೆಲಸ," ಎನ್ನುತ್ತೇನೆ.