ಸುಗುಣಕ್ಕನ ಮನೆಯ ಪ್ಲಗ್ಗು

ಡೀಸೆಲ್ ಬೆಲೆ ತಾಳಲಾರದೆ ಸಾಸ್ತಾನದ ಭೋಜರಾಜ ಕರೆಂಟಿನ ಆಟೋ ಕೊಂಡಿದ್ದ. ಅಂದು ಯಾತ್ರಿಕರನ್ನು ಕೊಲ್ಲೂರಿಗೆ ಒಯ್ದವನು ದೂರವನ್ನಷ್ಟೇ ಲೆಕ್ಕ ಹಾಕಿದ್ದ, ಏರುದಾರಿಯನ್ನು ಮರೆತಿದ್ದ. ಅವರನ್ನು ಬೈಂದೂರು ಸ್ಟೇಷನ್ನಿಗೆ ಬಿಟ್ಟು ಹೊರಟದ್ದೇ, ಯಡ್ತರೆಯಲ್ಲಿ ಯಾರದೋ ಮನೆಯೆದುರು ಗಾಡಿ ಹಟಮಾರಿ ಎತ್ತಿನಂತೆ ನಿಂತುಬಿಟ್ಟಿತು.

ಮನೆಯೊಡತಿ ಸುಗುಣಕ್ಕ ಹೊರಗೆ ಬಂದಳು. “ಚಾರ್ಜ್ ಹಾಕ್ಕಣಿ ಮಾರಾಯ್ರೆ, ಅದಕ್ಕೆಂತ! ಊಟ ಆಯ್ತಾ?”

ಅಮ್ಮ ತೀರಿಕೊಂಡ ಈ ನಾಲ್ಕು ವರ್ಷಗಳಲ್ಲಿ ಭೋಜರಾಜನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬಂಕಿನಲ್ಲಾದರೆ ಮೂರೇ ನಿಮಿಷ, ದುಡ್ಡು ಕೊಟ್ಟು ಜಾಗ ಖಾಲಿ ಮಾಡಬೇಕು. ಇಲ್ಲಿ ಮೂರು ಗಂಟೆ! ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಜೊತೆಗೆ “ಇನ್ನೊಂಚೂರ್ ಹಾಕ್ತೆ” ಎಂಬ ಒತ್ತಾಯ. ಭೋಜರಾಜ ಮುಳ್ಳನ್ನೂ ಎರಡೆರಡು ಸಲ ಚೀಪಿದ.

ಅಷ್ಟರಲ್ಲಿ ನೆರೆಮನೆಯ ಅಣ್ಣಯ್ಯ ಹಾಜರಾದ. “ಹ್ವಾಯ್, ಹೊಗೆ ಇಲ್ದಿದ್ ಗಾಡಿ, ಒಳ್ಳೇದೇ. ಕರೆಂಟ್ ಹೋರೆ ಎಂತ ಮಾಡ್ತ್ರಿ?”

ಅವನು ಬಾಯಿ ಮುಚ್ಚುವ ಮೊದಲೇ ಕರೆಂಟು ಹೋಯಿತು. ಸುಗುಣಕ್ಕ, ಅಣ್ಣಯ್ಯ ಇಬ್ಬರೂ ಅಯ್ಯೋ ಎಂದರು. ಭೋಜರಾಜನಿಗೆ ಒಳಗೊಳಗೇ ಹಬ್ಬ. ಇನ್ನೊಂದು ಗಂಟೆ ಹರಟೆ, ಇನ್ನೊಂದು ಲೋಟ ಚಾ ಸಿಕ್ಕಿತು.

ಕರೆಂಟು ಬಂತು. ಚಾರ್ಜು ಶೇಕಡಾ ನಲವತ್ತಕ್ಕೆ ಏರಿತು. ಇನ್ನಿಷ್ಟು ತುಂಬಿದರೆ ಹೊರಡಲೇಬೇಕು. ಮನೆಯಲ್ಲಿ ಕಾಯುತ್ತಿರುವುದು ಬೀಗವೊಂದೇ. ಯಾರೂ ನೋಡದಾಗ ಮೆಲ್ಲನೆ ಸ್ವಿಚ್ಚು ಆರಿಸಿ ಬಂದು ಕೂತ.

ಅಣ್ಣಯ್ಯ ಹತ್ತು ನಿಮಿಷಕ್ಕೊಮ್ಮೆ ಎದ್ದು ನೋಡಿ ಬರುತ್ತಿದ್ದ. “ಒಂದ್ ಗಂಟಿ ಆಯ್ತ್, ಇನ್ನೂ ನಲ್ವತ್ತರಲ್ಲೇ ಇತ್ತಲೆ!”

“ಎಷ್ಟ್ ಹೊತ್ತ್ ಆತ್ತೋ ಎಂತೋ,” ಎಂದು ಭೋಜರಾಜ ಮುಖ ಸಪ್ಪಗೆ ಮಾಡಿಕೊಂಡ. ಮನಸ್ಸಿನಲ್ಲಿ ಮಾತ್ರ ರಾತ್ರಿಯೂಟಕ್ಕೆ ಎಲೆ ಹಾಕಿಯಾಗಿತ್ತು.

ಸುಗುಣಕ್ಕ ಪ್ಲಗ್ಗು ನೋಡಲು ಹೋದವಳು ಹಣೆ ಚಚ್ಚಿಕೊಂಡಳು. “ಅಯ್ಯೋ, ಸ್ವಿಚ್ಚೇ ಆರ್ಸಿತ್ತ್! ಕರೆಂಟ್ ಹೋದಾಗೆಲ್ಲ ಆರ್ಸುದ್ ನನ್ ಅಭ್ಯಾಸ. ನನ್ನಿಂದ ನಿಮ್ ದಿನ ಹಾಳಾಯ್ತ್ ಮಾರಾಯ್ರೆ!” ಅವಳ ಕಣ್ಣಲ್ಲಿ ನೀರು.

ಭೋಜರಾಜ ಖಾಲಿ ಚಾ ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದ.

“ಗಾಡಿ ಇವತ್ತ್ ಇಲ್ಲೇ ಇರ್ಲಿ,” ಎಂದಳು. ಅವನ ಮುಖ ಅರಳಿತು. “ನೀವ್ ಐದ್ ಗಂಟಿ ಬಸ್ಸಿಗೆ ಹೋಯ್ಲಕ್ಕ್. ನಾಳೆ ನನ್ ತಮ್ಮ ರಾಘವೇಂದ್ರ ಬ್ರಹ್ಮಾವರಕ್ ಹೋಪತಿಗೆ ನಿಮ್ಮನಿಗೇ ತಂದ್ ಬಿಡ್ತ. ತಪ್ಪ್ ನಂದ್, ನೀವ್ ಇನ್ನೊಂದ್ಸಲ ಇಷ್ಟ್ ದೂರ ಬಪ್ಪುದೇ ಬ್ಯಾಡ.”

ಬೇಡವೆಂದರೂ ಕೇಳದೆ ಅಣ್ಣಯ್ಯ ಅವನನ್ನು ಕೈಹಿಡಿದು ಬಸ್ಸು ಹತ್ತಿಸಿದ. ಪಕ್ಕದ ಸೀಟು ಖಾಲಿಯಿತ್ತು. ಭೋಜರಾಜ ಕಿಟಕಿಯಲ್ಲಿ ಹಿಂತಿರುಗಿ ನೋಡಿದ. ಅಂಗಳದಲ್ಲಿ ಸುಗುಣಕ್ಕ, ಇಬ್ಬನಿ ತಾಗದಿರಲೆಂದು, ಆಟೋಗೆ ತನ್ನ ಹಳೆಯ ಸೀರೆಯೊಂದನ್ನು ಹೊದಿಸುತ್ತಿದ್ದಳು.