ಚಪ್ಪಲಿ ಗೂಡಿನ ಸರ್ವರ್

ಹೇಬರ್ಲೆ ಮೇಷ್ಟ್ರು ಮಾಡಿದ ತಪ್ಪು ಇಷ್ಟೇ. ಶನಿವಾರ ಬೆಳಗ್ಗೆ 'ಹಿತ್ತಿಲಿ'ನಲ್ಲಿ ಒಂದು ಫೋಟೋ ಹಾಕಿದರು, ಅದರಲ್ಲಿ ಏನಿದೆ ಎಂದು ಕೆಳಗೆ ಬರೆಯಲು ಮರೆತರು. ಬೇರೆ ಕಡೆ ಇದನ್ನು ಯಾರೂ ತಪ್ಪು ಅನ್ನುವುದಿಲ್ಲ. 'ಹಿತ್ತಿಲಿ'ನಲ್ಲಿ ಕೊಲೆಯನ್ನಾದರೂ ಕ್ಷಮಿಸಿಯಾರು, ಇದನ್ನಲ್ಲ.

'ಹಿತ್ತಿಲು' ಅಂದರೆ ಸ್ಟುಟ್‌ಗಾರ್ಟಿನಲ್ಲಿ ಮೇಷ್ಟ್ರಿದ್ದ ಹಳೆಯ ಕಟ್ಟಡದವರೂ ಅವರ ಸ್ನೇಹಿತರೂ ಸೇರಿ ಅಂತರ್ಜಾಲದಲ್ಲಿ ಹರಟುವ ಜಾಗ. ದೊಡ್ಡ ಕಂಪನಿಗಳ ಹಂಗು ಬೇಡವೆಂದು ಊರೂರಿನ ಜನ ತಮ್ಮ ತಮ್ಮ ಮನೆಗಳಲ್ಲೇ ಪುಟ್ಟ ಸರ್ವರ್ ಇಟ್ಟುಕೊಂಡು, ಒಂದನ್ನೊಂದು ಬೆಸೆದುಕೊಂಡಿದ್ದರು. ಇವರದು ಮೇಷ್ಟ್ರ ಮನೆಯ ಚಪ್ಪಲಿ ಗೂಡಿನಲ್ಲಿತ್ತು. ಅದನ್ನು ಸಾಕುವ ಕೆಲಸವೂ ಅವರದೇ.

ಅದರ ದೆಸೆಯಿಂದ ಅವರ ಹೆಂಡತಿ ರೋಸ್ವಿತಾ ವರ್ಷಗಳಿಂದ ಬೋಡನ್ ಸರೋವರದ ಮುಖ ನೋಡಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಮೇಷ್ಟ್ರದು ಒಂದೇ ರಾಗ: "ಅದೊಂದನ್ನೇ ಬಿಟ್ಟು ಹೆಂಗೆ ಬರ್ಲಿ? ಏನಾದ್ರೂ ಆದ್ರೆ?"

ಈ ಸಲ ರೋಸ್ವಿತಾ ಸೂಟ್‌ಕೇಸನ್ನು ಬಾಗಿಲ ಬಳಿ ತಂದಿಟ್ಟಿದ್ದಳು. "ನಾಳೆ ಬೆಳಗ್ಗೆ ರೈಲು. ನೀವು ಆ ಕೆಲಸ ಬಿಡ್ತೀರೋ, ಇಲ್ಲಾ ನಾನು ನಿಮ್ಮನ್ನ ಬಿಟ್ಟು ಹೋಗ್ಲೋ?"

ಹೆಂಡತಿಯ ಜತೆ ನೀರಿನ ದಡದಲ್ಲಿ ಸುಮ್ಮನೆ ಕೂರಬೇಕೆಂಬ ಆಸೆ ಮೇಷ್ಟ್ರಿಗೂ ಇತ್ತು. ಅದಕ್ಕೇ ಸರ್ವರ್ ಪೆಟ್ಟಿಗೆಯ ಫೋಟೋ ತೆಗೆದು, 'ನಾನು ದಣಿದಿದ್ದೇನೆ. ಇಂದು ಸಂಜೆಯೊಳಗೆ ಇದರ ಹೊಣೆ ಯಾರು ಹೊರುತ್ತೀರಿ?' ಎಂದು ಕೇಳಿದ್ದರು.

ಹೊಣೆ ಹೊರಲು ಒಂದು ನರಪಿಳ್ಳೆಯೂ ಬರಲಿಲ್ಲ. ಬೈಯಲು ಬಂದವರಿಗೆ ಲೆಕ್ಕವಿಲ್ಲ. ಎಲ್ಲರಿಗಿಂತ ಮುಂದೆ 'ತುರಿಕೆಸೊಪ್ಪು' ಎಂಬ ಹೆಸರಿನವರು. ಅವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಮೇಷ್ಟ್ರ ತಪ್ಪು ಹಿಡಿಯುವುದರಲ್ಲಿ ಮಾತ್ರ ಎತ್ತಿದ ಕೈ. 'ವಿವರಣೆ ಎಲ್ಲಿ, ಮೇಷ್ಟ್ರೇ? ಪಾಠ ಹೇಳುವವರೇ ಹೋಮ್‌ವರ್ಕ್ ಮರೆತರೆ?'

ಮೇಷ್ಟ್ರು ಅವಸರದಲ್ಲಿ 'ಒಂದು ಕಪ್ಪು ಪೆಟ್ಟಿಗೆ' ಎಂದು ಸೇರಿಸಿದರು. ಹತ್ತೇ ನಿಮಿಷದಲ್ಲಿ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಟ್ರೌಟ್ವೈನ್ ಅಮ್ಮ ಪೊರಕೆ ಹಿಡಿದು ನಿಂತಿದ್ದರು. ಈ ವಾರ ಮೆಟ್ಟಿಲು ಗುಡಿಸುವ ಸರದಿ ಅವರದು.

"ಕಪ್ಪು ಪೆಟ್ಟಿಗೆ ಅಂದ್ರೆ ಆಗೋಯ್ತಾ? ಹೆಣದ ಪೆಟ್ಟಿಗೆನೂ ಕಪ್ಪೇ! ನನ್ ತಂಗಿಗೆ ಕಣ್ಣು ಕಾಣಲ್ಲ. ಬರೆದಿದ್ದನ್ನ ಫೋನೇ ಓದಿ ಹೇಳ್ಬೇಕು. ನಿಮ್ಮಿಂದ ಈಗ ಅವ್ಳು ಯಾರದೋ ಸಾವು ಅಂತ ಅಳ್ತಾ ಕೂತಿದಾಳೆ."

ಮೇಷ್ಟ್ರಿಗೆ ನಿಜಕ್ಕೂ ನಾಚಿಕೆಯಾಯಿತು. ಕೂತು ಚಿತ್ರದಲ್ಲಿದ್ದದ್ದನ್ನೆಲ್ಲ ಪ್ರಾಮಾಣಿಕವಾಗಿ ಬರೆದರು: ಪೆಟ್ಟಿಗೆ, ಮಿನುಗುವ ಹಸಿರು ದೀಪ, ಧೂಳು, ಪೆಟ್ಟಿಗೆಯ ಮೇಲೆ ಅರ್ಧ ತಿಂದಿಟ್ಟ ಲಿವರ್ ಸಾಸೇಜಿನ ಬ್ರೆಡ್ಡು.

ಕೆಟ್ಟಿತು ಕೆಲಸ. ಅಲ್ಲಿಯವರೆಗೆ ಆ ಬ್ರೆಡ್ಡನ್ನು ಯಾರೂ ಗಮನಿಸಿರಲಿಲ್ಲ. ಎದುರು ಮನೆಯ ಯೋರ್ಗ್, ಹಾಲನ್ನೂ ಮುಟ್ಟದ ಸಸ್ಯಾಹಾರಿ, ಬರಿಗಾಲಲ್ಲೇ ಓಡಿ ಬಂದ.

"ಏನ್ ಸಾರ್, ಮಾಂಸದ ಚಿತ್ರ ಹಾಕೋ ಮುಂಚೆ ಒಂದು ಎಚ್ಚರಿಕೆ ಬೇಡ್ವಾ? ಹ್ಯಾಂಬರ್ಗಿನ ಸರ್ವರಿನೋರು ನಮ್ ಸಂಬಂಧಾನೇ ಕಡ್ಕೊಳ್ತೀವಿ ಅಂತಿದಾರೆ!"

"ಹಂಗಾದ್ರೆ ನೀನೇ ನಡೆಸಪ್ಪ. ತಗೊಂಡು ಹೋಗು."

"ಅಯ್ಯೋ, ನಂಗೆಲ್ಲಿ ಟೈಮು ಸಾರ್? ಆದ್ರೆ ನೀವೊಬ್ರೇ ಯಾರಿಗೋ ಕೊಟ್ಬಿಡೋ ಹಂಗಿಲ್ಲ. ಇದು ಎಲ್ರ ಆಸ್ತಿ. ಮತ ಹಾಕ್ಬೇಕು."

"ನಿಂತೋರೇ ಇಲ್ಲ, ಮತ ಯಾರಿಗೋ?"

"ಅದನ್ನೂ ಚರ್ಚೆ ಮಾಡ್ಬೇಕು," ಎಂದ ಯೋರ್ಗ್ ಗಂಭೀರವಾಗಿ.

ಮಧ್ಯಾಹ್ನದವರೆಗೆ ಚರ್ಚೆ ನಡೆಯಿತು. ಸಲಹೆಗಳು ಜಡಿಮಳೆಯಂತೆ ಸುರಿದವು, ಕೈ ಎತ್ತಿದವರಿಲ್ಲ. ಮೇಷ್ಟ್ರ ತಾಳ್ಮೆ ಕೆಟ್ಟಿತು. 'ಸಂಜೆ ಪ್ಲಗ್ ಕಿತ್ತು ಹಾಕುತ್ತೇನೆ' ಎಂದು ಬರೆದು ಫೋನನ್ನು ಸೋಫಾದ ಮೇಲೆ ಎಸೆದರು.

ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಪಾತ್ರೆ ಬಡಿಯುವ ಸದ್ದು. ಬಗ್ಗಿ ನೋಡಿದರೆ ಮೆರವಣಿಗೆ! 'ಹಿತ್ತಿಲು ಉಳಿಸಿ' ಎಂಬ ಬಟ್ಟೆ ಹಿಡಿದು ಟ್ರೌಟ್ವೈನ್ ಅಮ್ಮ ಮುಂದೆ, ಯೋರ್ಗ್ ಹಿಂದೆ. ಬಟ್ಟೆಯ ಹಿಂಬದಿಯಲ್ಲಿ ಮೇಷ್ಟ್ರದೇ ಅಕ್ಷರ: 'ಆಕ್ರೋಟು ಮರ ಉಳಿಸಿ'. ಹೋದ ವರ್ಷ ಅಂಗಳದ ಆ ಮರ ಕಡಿಯಲು ಬಂದಾಗ ಈ ಜನಕ್ಕೆ ಪಾತ್ರೆ ಬಡಿಯುವುದನ್ನು ಕಲಿಸಿದವರೇ ಅವರು. ಮರವೇನೋ ಉಳಿದಿತ್ತು, ಅದರ ನೆರಳಲ್ಲೇ ನಿಂತು ಈಗ ಅವರಿಗೇ ಧಿಕ್ಕಾರ ಕೂಗುತ್ತಿದ್ದರು. ಸಿಟ್ಟಿನಲ್ಲೂ ಮೇಷ್ಟ್ರಿಗೆ, ಚೆನ್ನಾಗಿಯೇ ಕಲಿತಿದ್ದಾರೆ ಅನ್ನಿಸಿತು.

ಆಗ ಫೋನು ಟಿಣ್ ಎಂದಿತು. ತುರಿಕೆಸೊಪ್ಪು ಬರೆದಿದ್ದರು: 'ಜಗಳ ಸಾಕು. ಚಪ್ಪಲಿ ಗೂಡಿನ ಆ ಪೆಟ್ಟಿಗೆಯನ್ನು ನಾನು ನೋಡಿಕೊಳ್ಳುತ್ತೇನೆ. ಸಂಜೆ ಬಂದು ಪಾಸ್‌ವರ್ಡ್ ಪಡೆಯುವೆ.'

ಮತ ಬಿದ್ದದ್ದೇ ಬಿದ್ದದ್ದು. ಪಾತ್ರೆಗಳು ಅಡುಗೆಮನೆಗೆ ಮರಳಿದವು. ಮೇಷ್ಟ್ರು ಕುಣಿಯುವುದೊಂದು ಬಾಕಿ. ತಲೆ ಬಾಚಿಕೊಂಡರು, ಕಾಫಿ ಮಾಡಿದರು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಂಡು ಬಾಗಿಲ ಬಳಿ ಸೂಟ್‌ಕೇಸಿನ ಮೇಲೆ ಕೂತರು. ಸಂಜೆಯಾಯಿತು. ಬಾಗಿಲ ಗಂಟೆ ಸದ್ದು ಮಾಡಲಿಲ್ಲ.

"ಬರ್ತೀನಿ ಅಂದೋರು ಬರ್ಲೇ ಇಲ್ವಲ್ಲೇ," ಎಂದರು ಅಳುಕಿನಿಂದ. ಆಗ ಹೊಳೆಯಿತು. "ಅಲ್ಲಾ, ಚಪ್ಪಲಿ ಗೂಡು ಅಂತ ಅವ್ರಿಗೆ ಹೆಂಗೆ ಗೊತ್ತಾಯ್ತು? ಫೋಟೋದಲ್ಲಿ ಗೂಡೇ ಕಾಣಲ್ಲ, ನಾನ್ಯಾರಿಗೂ ಹೇಳೂ ಇಲ್ಲ!"

ರೋಸ್ವಿತಾ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವರ ಕೈಯಿಂದ ಚೀಟಿ ತೆಗೆದುಕೊಂಡು ಓದಿದಳು.

"ಇಷ್ಟು ಚಿಕ್ಕ ಪಾಸ್‌ವರ್ಡಾ? ನಾಚ್ಕೆ ಆಗ್ಬೇಕು ನಿಮ್ಗೆ."

ಮೇಷ್ಟ್ರು ಸೂಟ್‌ಕೇಸಿನಿಂದ ಎದ್ದು ನಿಂತರು. "ನೀ... ನೀನಾ ತುರಿಕೆಸೊಪ್ಪು?"

"ರಾತ್ರಿಯೆಲ್ಲ ಅದರಲ್ಲಿ ಏನ್ ಮಾಡ್ತೀರಿ ಅಂತ ನೋಡೋಕೆ ಸೇರ್ಕೊಂಡೆ. ನೋಡಿದ್ರೆ ನಡೆಸೋಕೇ ಬರಲ್ಲ ನಿಮ್ಗೆ!"

"ಮತ್ತೆ ಬಿಡು ಬಿಡು ಅಂತಿದ್ಯಲ್ಲೇ!"

"ನೀವ್ ಬಿಡಿ ಅಂದೆ ಕಣ್ರೀ. ಅದನ್ನ ಮುಚ್ಚಿ ಅಂದ್ನಾ?" ಎನ್ನುತ್ತ ರೋಸ್ವಿತಾ ಸೂಟ್‌ಕೇಸು ತೆರೆದು ತನ್ನ ಈಜುಡುಗೆಯನ್ನು ಹೊರತೆಗೆದಳು.

"ಅದ್ಯಾಕೆ? ನಾಳೆ ಬೆಳಗ್ಗೆ ರೈಲು!"

"ನೀವ್ ಹೋಗ್ಬನ್ನಿ. ಇದೊಂದನ್ನೇ ಬಿಟ್ಟು ಹೆಂಗ್ರೀ ಬರ್ಲಿ? ಏನಾದ್ರೂ ಆದ್ರೆ?"

ಒಬ್ಬರೇ ಹೋಗಿ ಯಾರ ಜತೆ ಕೂರುವುದು? ಮೇಷ್ಟ್ರು ಬೋಗುಣಿಗೆ ನೀರು ತುಂಬಿ ಬಾಲ್ಕನಿಗೆ ಹೋಗಿ, ಕಾಲು ಅದ್ದಿ ಕೂತರು. ತಂಪಾಗಿತ್ತು. ಆಕ್ರೋಟು ಮರದಲ್ಲಿ ಹಕ್ಕಿ ಕೂಗುತ್ತಿತ್ತು, ಒಳಗೆ ಹೆಂಡತಿ ಗುನುಗುತ್ತ ಕೀಲಿಮಣೆ ಕುಟ್ಟುತ್ತಿದ್ದಳು. ಪರವಾಗಿಲ್ಲ, ಇದೂ ಒಂದು ಸರೋವರವೇ ಅಂದುಕೊಂಡು ಕಾಲಿನ ಫೋಟೋ ತೆಗೆದು 'ಹಿತ್ತಿಲಿ'ಗೆ ಹಾಕಿದರು.

ಒಳಗಿನಿಂದ ಕೂಗು ಬಂತು. "ರೀ! ವಿವರಣೆ ಎಲ್ಲಿ?"